ಕೆಲಸ ಬಿಟ್ಟ ಮೇಲೆ ಕೈಗೆಷ್ಟು?

"ಬಿಟ್ಟು ಹೋಗೋನಿಗೆ ಎಂಥ ಲೆಕ್ಕ ಕಣಪ್ಪ, ಕೊಟ್ಟಷ್ಟು ಇಸ್ಕೊಂಡು ಹೋಗು." ಹಿರಿಯೂರಿನ ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಿಂದ ಚಿತ್ರದುರ್ಗದ ಖಾಸಗಿ ಶಾಲೆಯ ಆಫೀಸ್ ರೂಮಿನವರೆಗೆ ಈ ಮಾತು ಬೇರೆ ಬೇರೆ ದನಿಯಲ್ಲಿ ಕೇಳಿಸುತ್ತದೆ. ಹೇಳುವವರು ಜೋರಾಗಿ ಹೇಳುತ್ತಾರೆ, ಕೇಳುವವರು ನಂಬಿಬಿಡುತ್ತಾರೆ.

ಮಾರಿಕಣಿವೆ ಸೀಮೆಯಲ್ಲಿ ಕೆಲಸ ಹಿಡಿಯುವುದೂ ಬಿಡುವುದೂ ಹೊಸದಲ್ಲ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1907ರಲ್ಲಿ ಮುಗಿಯಿತು, 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ನಡುವಿನ ಎಂಬತ್ತೊಂಬತ್ತು ವರ್ಷಗಳಲ್ಲಿ ಬರ ಬಿದ್ದಾಗಲೆಲ್ಲ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರು ಬೆಂಗಳೂರಿನ ಬಸ್ಸು ಹತ್ತಿದ್ದಾರೆ. ಮಳೆ ಚೆನ್ನಾಗಿ ಆದ ವರ್ಷ, ಅಡಿಕೆ ಕೊಯ್ಲಿಗೆ, ಊರ ಜಾತ್ರೆಗೆ, ಮನೆಯ ಹಿರಿಯರು ಹಾಸಿಗೆ ಹಿಡಿದಾಗ ಅದೇ ಬಸ್ಸಲ್ಲಿ ವಾಪಸಾಗಿದ್ದಾರೆ. ವಾಪಸಾಗುವಾಗ ಕೊನೆಯ ತಿಂಗಳ ಸಂಬಳ, ಉಳಿದ ರಜೆ, ಗ್ರಾಚ್ಯುಟಿ, ಪಿಎಫ್ ಎಲ್ಲವನ್ನೂ ಹಿಂದೆಯೇ ಬಿಟ್ಟು ಬಂದವರು ಪ್ರತಿ ಊರಲ್ಲೂ ಸಿಗುತ್ತಾರೆ. ಇದರಲ್ಲಿ ಮೋಸ ಹೋದದ್ದು ಸ್ವಲ್ಪ, ತಪ್ಪು ತಿಳಿದು ಕೇಳದೇ ಹೋದದ್ದು ಬಹಳ.

ಲೆಕ್ಕ ಚುಕ್ತಾ ಮಾಡುವ ಕಾಗದದಲ್ಲಿ ಎರಡು ಕಾಲಂ ಇರುತ್ತವೆ: ಬರಬೇಕಾದದ್ದು, ಮುರಿಯಬೇಕಾದದ್ದು. ಮೊದಲನೆಯದು ಆಗಲೇ ದುಡಿದು ಮುಗಿಸಿದ್ದು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಎರಡನೆಯದರ ಒಂದೊಂದು ಸಾಲಿಗೂ ಮಾಲೀಕರೇ ಆಧಾರ ತೋರಿಸಬೇಕು. ನಮ್ಮಲ್ಲಿ ನಡೆಯುವುದು ಇದರ ತಿರುಗುಮುರುಗು. ಮುರಿಯುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ, ದುಡಿದದ್ದನ್ನು ಕೇಳುವವನು ಮಾತ್ರ ಕೈಕಟ್ಟಿ ನಿಲ್ಲುತ್ತಾನೆ.

"ಸೆಟ್ಲ್‌ಮೆಂಟಿಗೆ ನಲವತ್ತೈದು ದಿನ ಆಗುತ್ತೆ, ರೂಲ್ಸೇ ಹಾಗಿದೆ."

ಹಾಗೆ ಯಾವ ಕಾನೂನೂ ಹೇಳಿಲ್ಲ. ಅದು ಕಂಪನಿಗಳು ತಾವೇ ಮಾಡಿಕೊಂಡ ರೂಢಿ. 1936ರ ವೇತನ ಪಾವತಿ ಕಾಯ್ದೆಯಲ್ಲೇ, ಮಾಲೀಕ ಕೆಲಸದಿಂದ ತೆಗೆದರೆ ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ಸಂಬಳ ಕೊಡಬೇಕು ಎಂದಿತ್ತು. ತಾನಾಗಿ ಬಿಟ್ಟವನ ಮಾತು ಅದರಲ್ಲಿ ಇರಲಿಲ್ಲ. ಆ ಸಂದಿಯಲ್ಲೇ "ನೀನೇ ಬಿಟ್ಟಿದ್ದು ತಾನೆ, ಕಾಯಿ" ಎಂಬ ಮಾತು ಬೆಳೆಯಿತು. 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ ಆ ಸಂದಿ ಮುಚ್ಚಿದೆ. ತೆಗೆದರೂ ಸರಿ, ರಾಜೀನಾಮೆ ಕೊಟ್ಟರೂ ಸರಿ, ಕಾರ್ಖಾನೆ ಮುಚ್ಚಿದರೂ ಸರಿ, ಎರಡು ಕೆಲಸದ ದಿನಗಳೊಳಗೆ ಸಂಬಳ ಕೊಡಬೇಕು. ಹಳೆಯ ಕಾಯ್ದೆ ತಿಂಗಳಿಗೆ 24,000 ರೂಪಾಯಿಯೊಳಗಿನ ಸಂಬಳದವರಿಗಷ್ಟೇ ಅನ್ವಯವಾಗುತ್ತಿತ್ತು, ಹೊಸದಕ್ಕೆ ಆ ಮಿತಿ ಇಲ್ಲ. ಐದಾರು ಜನರಿರುವ ಎಣ್ಣೆ ಗಾಣಕ್ಕೂ ಅನ್ವಯಿಸುತ್ತದೆ.

ಹಾಗೆಂದು ಎಲ್ಲ ದುಡ್ಡೂ ಎರಡು ದಿನದಲ್ಲಿ ಬರುವುದಿಲ್ಲ. ಮಾರಿಕಣಿವೆಯ ಎಡದಂಡೆ ನಾಲೆಗೂ ಬಲದಂಡೆ ನಾಲೆಗೂ ಬೇರೆ ಬೇರೆ ತೂಬು ಇರುವ ಹಾಗೆ ಇಲ್ಲಿಯೂ ದುಡ್ಡು ಬೇರೆ ಬೇರೆ ದಾರಿಯಲ್ಲಿ ಹರಿಯುತ್ತದೆ. ಸಂಬಳಕ್ಕೆ ಎರಡು ದಿನ, ಗ್ರಾಚ್ಯುಟಿಗೆ ಮೂವತ್ತು ದಿನ, ಬೋನಸ್ಸಿಗೆ ಲೆಕ್ಕದ ವರ್ಷ ಮುಗಿದು ಎಂಟು ತಿಂಗಳು. ಪಿಎಫ್ ಅಂತೂ ಮಾಲೀಕರ ಕೈಯಲ್ಲೇ ಇಲ್ಲ, ಭವಿಷ್ಯ ನಿಧಿ ಕಚೇರಿಯಲ್ಲಿದೆ. ಒಂದನ್ನು ತೋರಿಸಿ ಇನ್ನೊಂದನ್ನು ತಡೆದರೆ ಅಲ್ಲಿ ಏನೋ ತಪ್ಪಿದೆ ಎಂದೇ ಅರ್ಥ.

ಇನ್ನು ಎಲ್ಲರನ್ನೂ ಹೆದರಿಸುವ ಮಾತು: "ನೋಟಿಸ್ ಕೊಡದೆ ಬಿಟ್ಟರೆ ಎಲ್ಲಾ ಹೋಯ್ತು." ಇದಕ್ಕೆ ಒಂದು ಲೆಕ್ಕ ಹಾಕಿಯೇ ನೋಡಬೇಕು.

ಹೊಸದುರ್ಗ ಕಡೆಯ ಹೆಣ್ಣುಮಗಳೊಬ್ಬಳು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಇದ್ದಳು ಎಂದಿಟ್ಟುಕೊಳ್ಳೋಣ. ಸರ್ವಿಸು ಆರು ವರ್ಷ ಏಳು ತಿಂಗಳು. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,600 ರೂಪಾಯಿ, ಬೇರೆ ಭತ್ಯೆ ಇಲ್ಲ. ಇಪ್ಪತ್ತಾರರಿಂದ ಭಾಗಿಸಿದರೆ ದಿನಕ್ಕೆ 600. ಅತ್ತೆಗೆ ಹುಷಾರಿಲ್ಲವೆಂದು ತಿಂಗಳ ಮಧ್ಯೆ ಬಿಟ್ಟಳು. ಆ ತಿಂಗಳ ಹಾಜರಿ 14 ದಿನ, ಉಳಿದ ಗಳಿಕೆ ರಜೆ 12 ದಿನ, ಹಬ್ಬದ ಅಡ್ವಾನ್ಸಿನಲ್ಲಿ ತೀರದೆ ಉಳಿದದ್ದು 3,000.

ಕಂಪನಿ ಕೊಡುವ ಚೀಟಿ ಸಾಮಾನ್ಯವಾಗಿ ಹೀಗಿರುತ್ತದೆ. ಹದಿನಾಲ್ಕು ದಿನದ ಸಂಬಳ 8,400, ರಜೆಯ ಬಾಬತ್ತು 7,200, ಒಟ್ಟು 15,600. ಮುರಿದದ್ದು: ಪಿಎಫ್ 1,008, ಇಎಸ್‌ಐ 63, ಅಡ್ವಾನ್ಸ್ 3,000, ಯೂನಿಫಾರ್ಮಿಗೆ 800, ನೋಟಿಸ್ ಪೇ 15,600. ಕೊನೆಯ ಸಾಲಿನಲ್ಲಿ, ಆಕೆಯೇ ಕಂಪನಿಗೆ 4,871 ರೂಪಾಯಿ ಕಟ್ಟಬೇಕು! ಇದನ್ನು ನೋಡಿದವರು ಇನ್ನೊಮ್ಮೆ ಗೇಟಿನ ಹತ್ತಿರ ಸುಳಿಯುವುದಿಲ್ಲ. ಚೀಟಿಯ ಉದ್ದೇಶವೂ ಅದೇ.

ಒಂದೊಂದೇ ಸಾಲು ನೋಡೋಣ. ಪಿಎಫ್ ಶೇ 12, ಇಎಸ್‌ಐ ಶೇ 0.75, ಎರಡೂ ಸರಿ. ರಜೆ ಹಣದ ಮೇಲೆ ಪಿಎಫ್ ಮುರಿದಿಲ್ಲ, ಅದೂ ಸರಿ. ಮಣಿಪಾಲದ ವಿದ್ಯಾಸಂಸ್ಥೆಯ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು, ರಜೆ ನಗದೀಕರಣ ಪಿಎಫ್ ಲೆಕ್ಕದ ಮೂಲ ವೇತನವಲ್ಲ ಎಂದು ಹೇಳಿತ್ತು. ಅಡ್ವಾನ್ಸ್ ಮುರಿದದ್ದೂ ನ್ಯಾಯವೇ. "ಕೊಟ್ಟ ಅಡ್ವಾನ್ಸು ಕೊನೆ ಸಂಬಳದಲ್ಲಿ ಹಿಡಿಯಂಗಿಲ್ಲ" ಎನ್ನುವ ನಮ್ಮವರ ವಾದ ನಿಲ್ಲುವುದಿಲ್ಲ. ವೃತ್ತಿ ತೆರಿಗೆ ಈ ಚೀಟಿಯಲ್ಲಿ ಇಲ್ಲ, ಇರಲೂಬಾರದು. ಹದಿನೈದು ಸಾವಿರ ಮುಟ್ಟಿದವರಿಗೆಲ್ಲ ಇನ್ನೂರು ರೂಪಾಯಿ ಎಂಬುದು ಹಳೆಯ ಮಾತು. 2023ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಇರುವವರಿಗೆ ವೃತ್ತಿ ತೆರಿಗೆ ಇಲ್ಲ.

ಯೂನಿಫಾರ್ಮಿನ 800 ಯಾವ ಬಾಬತ್ತಿಗೆ ಸೇರುತ್ತದೆ? ಸಂಬಳದಲ್ಲಿ ಏನೇನು ಮುರಿಯಬಹುದು ಎಂಬುದಕ್ಕೆ ಸಂಹಿತೆಯಲ್ಲಿ ಪಟ್ಟಿಯೇ ಇದೆ: ಗೈರುಹಾಜರಿ, ದಂಡ, ವಹಿಸಿಕೊಟ್ಟ ಮಾಲಿನ ನಷ್ಟ, ವಸತಿ, ಸರ್ಕಾರ ಒಪ್ಪಿದ ಸೌಲಭ್ಯ, ಅಡ್ವಾನ್ಸು, ಸಾಲ, ತೆರಿಗೆ, ಪಿಎಫ್, ಸಹಕಾರಿ ಸಂಘದ ಕಂತು, ಹೀಗೆ. ಪಟ್ಟಿಯಲ್ಲಿ ಇಲ್ಲದ್ದನ್ನು "ಕಂಪನಿ ಪಾಲಿಸಿ" ಎಂದು ತೂರಿಸುವಂತಿಲ್ಲ. ಕೆಲಸಕ್ಕೆ ಬೇಕಾದ ಸಲಕರಣೆ, ಕಚ್ಚಾಮಾಲನ್ನಂತೂ ಸೌಲಭ್ಯದ ಲೆಕ್ಕದಲ್ಲಿ ತೋರಿಸಿ ಮುರಿಯುವ ಹಾಗೇ ಇಲ್ಲ. ಯೂನಿಫಾರ್ಮಿನ ಸಾಲು ಯಾವ ಬಾಬತ್ತಿನದು ಎಂದು ಬರೆದು ಕೇಳಿದರೆ ಬಹಳ ಸಲ ಉತ್ತರ ಬರುವುದಿಲ್ಲ.

ಉಳಿದದ್ದು ನೋಟಿಸ್ ಪೇ. ಆ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಬಾಬತ್ತಿಲ್ಲ, ಅದು ನಿಲ್ಲುವುದು ನೇಮಕಾತಿ ಪತ್ರದ ಷರತ್ತಿನ ಮೇಲೆ. ಪತ್ರವೇ ಕೊಡದೆ ಕೆಲಸಕ್ಕೆ ಹಾಕಿಕೊಂಡವರು ಯಾವ ಷರತ್ತು ತೋರಿಸುತ್ತಾರೆ? ಷರತ್ತು ಇದೆ ಎಂದೇ ಇಟ್ಟುಕೊಂಡರೂ ಇನ್ನೊಂದು ಬೇಲಿ ಇದೆ. ಒಂದು ಸಂಬಳದ ಅವಧಿಯಲ್ಲಿ ಎಲ್ಲ ಕಡಿತ ಸೇರಿ ಅರ್ಧ ಸಂಬಳ ದಾಟಬಾರದು. ರಜೆಯ ದುಡ್ಡನ್ನೂ ಸಂಬಳವೆಂದೇ ಎಣಿಸಿದರೆ 15,600ರಲ್ಲಿ ಮುರಿಯಬಹುದಾದದ್ದು ಹೆಚ್ಚೆಂದರೆ 7,800. ಅಂದರೆ ಷರತ್ತು ಇದ್ದಾಗಲೂ ಆಕೆಯ ಕೈಗೆ 7,800 ಬರಲೇಬೇಕು, ಮಿಕ್ಕದ್ದನ್ನು ಕಂಪನಿ ನಿಯಮದ ದಾರಿಯಲ್ಲಿ ಕೇಳಿಕೊಳ್ಳಲಿ. ಷರತ್ತು ಇಲ್ಲದಿದ್ದರೆ ಪಿಎಫ್, ಇಎಸ್‌ಐ, ಅಡ್ವಾನ್ಸ್ ಕಳೆದು 11,529.

ಆ ಚೀಟಿಯಲ್ಲಿ ಇರಬೇಕಾಗಿದ್ದ ದೊಡ್ಡ ಸಾಲನ್ನು ಯಾರೂ ಬರೆಯಲೇ ಇಲ್ಲ: ಗ್ರಾಚ್ಯುಟಿ.

ಗ್ರಾಚ್ಯುಟಿ ಎಂದರೆ ನಿವೃತ್ತಿಯಾದ ಸರ್ಕಾರಿ ನೌಕರರಿಗೆ ಸಿಗುವ ಗಂಟು ಎಂದು ಬಹಳ ಜನ ತಿಳಿದಿದ್ದಾರೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಯಾವ ಸಂಸ್ಥೆಯಲ್ಲಾದರೂ ಐದು ವರ್ಷ ಸತತವಾಗಿ ದುಡಿದು ಬಿಟ್ಟವರಿಗೆ, ತಾವಾಗಿ ರಾಜೀನಾಮೆ ಕೊಟ್ಟಿದ್ದರೂ, 1972ರ ಕಾಯ್ದೆಯ ಕಾಲದಿಂದ ಇದು ಹಕ್ಕು. ಒಂದು ವರ್ಷಕ್ಕೆ ಹದಿನೈದು ದಿನದ ಸಂಬಳ, ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಪೂರ್ತಿ ವರ್ಷ. ಈಕೆಯ ಆರು ವರ್ಷ ಏಳು ತಿಂಗಳು ಏಳು ವರ್ಷವಾಗುತ್ತದೆ.

ಇಲ್ಲೊಂದು ಸಣ್ಣ ಕೈಚಳಕ ನಡೆಯುತ್ತದೆ. ಹದಿನೈದು ದಿನ ಅಂದರೆ ಅರ್ಧ ತಿಂಗಳು, 15,600ರ ಅರ್ಧ 7,800, ಏಳು ವರ್ಷಕ್ಕೆ 54,600 ಎಂದು ಗುಮಾಸ್ತರು ಬರೆದುಬಿಡುತ್ತಾರೆ. ಕೇಳುವವರಿಗೂ ಸರಿ ಅನ್ನಿಸುತ್ತದೆ. ಕಾನೂನು ತಿಂಗಳನ್ನು ಮೂವತ್ತರಿಂದ ಭಾಗಿಸುವುದಿಲ್ಲ, ವಾರದ ರಜೆ ಬಿಟ್ಟು ಇಪ್ಪತ್ತಾರರಿಂದ ಭಾಗಿಸುತ್ತದೆ. ಈ ವಿಷಯ 1980ರ ಹೊತ್ತಿಗೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿ, ಆಮೇಲೆ ಕಾಯ್ದೆಯೊಳಗೂ ಸೇರಿತು. 15,600 ಭಾಗಿಸು 26, ಗುಣಿಸು 15, ವರ್ಷಕ್ಕೆ 9,000. ಏಳು ವರ್ಷಕ್ಕೆ 63,000. ಮೂವತ್ತಕ್ಕೂ ಇಪ್ಪತ್ತಾರಕ್ಕೂ ನಡುವೆ 8,400 ರೂಪಾಯಿ, ಹದಿನಾಲ್ಕು ದಿನದ ಕೂಲಿ, ಸದ್ದಿಲ್ಲದೆ ಹೋಗಿಬಿಡುತ್ತದೆ.

ನೋಟಿಸ್ ಕೊಡದ ತಪ್ಪಿಗೆ ಈ 63,000ಕ್ಕೆ ಕೈ ಹಾಕುವಂತಿಲ್ಲ. ಗ್ರಾಚ್ಯುಟಿ ಮುಟ್ಟುಗೋಲಿಗೆ ಕಾರಣಗಳನ್ನು ಕಾಯ್ದೆಯೇ ಹೇಳಿದೆ: ಬೇಕೆಂದು ಅಥವಾ ನಿರ್ಲಕ್ಷ್ಯದಿಂದ ಆಸ್ತಿಗೆ ಹಾನಿ ಮಾಡಿ ಕೆಲಸ ಕಳೆದುಕೊಂಡರೆ ಆ ಹಾನಿಯಷ್ಟು, ಹೊಡೆದಾಟ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ತೆಗೆದಿದ್ದರೆ ಭಾಗಶಃ ಇಲ್ಲವೇ ಪೂರ್ತಿ. ತಾನಾಗಿ ಬಿಟ್ಟುಹೋದದ್ದು ಇವುಗಳಲ್ಲಿ ಯಾವುದೂ ಅಲ್ಲ.

ಮೂಲ ವೇತನ ಕಡಿಮೆ ತೋರಿಸಿ ಭತ್ಯೆಗಳನ್ನು ಉಬ್ಬಿಸುವ ಉಪಾಯಕ್ಕೂ ಹೊಸ ಸಂಹಿತೆ ತಡೆ ಹಾಕಿದೆ. ಒಟ್ಟು 30,000 ಕೊಡುತ್ತ ಮೂಲ ವೇತನ 10,000 ಎಂದು ಬರೆದಿದ್ದರೆ, ಭತ್ಯೆ ಅರ್ಧ ದಾಟಿದಷ್ಟನ್ನು, ಇಲ್ಲಿ 5,000, ಸಂಬಳಕ್ಕೇ ಸೇರಿಸಿ 15,000ದ ಮೇಲೆ ಲೆಕ್ಕ ಹಾಕಬೇಕು. ನಿಗದಿತ ಅವಧಿಯ ಒಪ್ಪಂದದ ಮೇಲೆ ಬಂದವರಿಗೆ ಈಗ ಐದು ವರ್ಷದ ಕಟ್ಟುಪಾಡೂ ಇಲ್ಲ, ಒಂದು ವರ್ಷ ಪೂರೈಸಿದರೆ ಸಾಕು.

ಚಿತ್ರದುರ್ಗ ಜಿಲ್ಲೆಯಲ್ಲಿ ಖಾಸಗಿ ಶಾಲಾ ಕಾಲೇಜುಗಳಿಗೆ ಬರವಿಲ್ಲ, "ಮೇಷ್ಟ್ರಿಗೆಲ್ಲಿಯ ಗ್ರಾಚ್ಯುಟಿ" ಎಂಬ ಮಾತಿಗೂ ಬರವಿಲ್ಲ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು, ಪಾಠ ಹೇಳುವವರು ಕಾಯ್ದೆಯ ಅರ್ಥದಲ್ಲಿ ನೌಕರರಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತ್ತು. 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಪೂರ್ವಾನ್ವಯವಾಗುವಂತೆ ಶಿಕ್ಷಕರನ್ನು ಸೇರಿಸಿತು. ಖಾಸಗಿ ಶಾಲೆಗಳು ಪ್ರಶ್ನಿಸಿದವು, 2022ರ ಆಗಸ್ಟಿನಲ್ಲಿ ಸೋತವು. ಇಪ್ಪತ್ತು ವರ್ಷ ಗಣಿತ ಹೇಳಿಕೊಟ್ಟು ತಮ್ಮದೇ ಈ ಲೆಕ್ಕ ಹಾಕದೆ ಮನೆಗೆ ಹೋಗುವವರನ್ನು ನೋಡಿದರೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಪಿಎಫ್ ವಿಷಯದಲ್ಲಿ ತಪ್ಪು ತಿಳಿವಳಿಕೆ ಎರಡೂ ಕಡೆ ಇದೆ. ಪಾಸ್‌ಬುಕ್ ತೆಗೆದು ನೋಡಿದವರು "ನನ್ನಿಂದ 1,872 ಹಿಡಿದವ್ರೆ, ಅವ್ರು ಹಾಕಿರೋದು 622 ಅಷ್ಟೇ, ಕದ್ದವ್ರೆ" ಎಂದು ರೇಗುತ್ತಾರೆ. 15,600ರ ಶೇ 12 ಎಂದರೆ 1,872, ಮಾಲೀಕರು ಕಟ್ಟುವುದೂ ಅಷ್ಟೇ. ಅದರಲ್ಲಿ 15,000ದ ಮಿತಿಗೆ ಶೇ 8.33, ಅಂದರೆ 1,250 ರೂಪಾಯಿ, ಪಿಂಚಣಿ ಖಾತೆಗೆ ಹೋಗುತ್ತದೆ. ಉಳಿದ 622 ಪಿಎಫ್ ಕಾಲಂನಲ್ಲಿ ಕಾಣುತ್ತದೆ. ಕಳವು ಎನ್ನಬೇಕಾದದ್ದು ಬೇರೆ: ಮಾಲೀಕರ ಪಾಲನ್ನೂ ನೌಕರರ ಸಂಬಳದಿಂದಲೇ ಮುರಿಯುವುದು. ಅದನ್ನು ಕಾಯ್ದೆ ನೇರವಾಗಿ ನಿಷೇಧಿಸಿದೆ.

ಪಿಂಚಣಿ ಖಾತೆಯ ಹಣ ಹತ್ತು ವರ್ಷದ ಸರ್ವಿಸಿನೊಳಗೆ ಬಿಟ್ಟರೆ ವಾಪಸು ತೆಗೆಯಬಹುದು, ಇಲ್ಲವೇ ಸ್ಕೀಮ್ ಸರ್ಟಿಫಿಕೇಟ್ ಮಾಡಿಸಿ ಮುಂದಿನ ಕೆಲಸಕ್ಕೆ ಜೋಡಿಸಬಹುದು. ಐದು ವರ್ಷದೊಳಗೆ ಪಿಎಫ್ ತೆಗೆದರೆ, ಮೊತ್ತ 50,000 ಮುಟ್ಟಿದ್ದರೆ, ಪ್ಯಾನ್ ಕೊಟ್ಟವರಿಗೆ ಶೇ 10 ತೆರಿಗೆ ಮುರಿಯುತ್ತಾರೆ. ಹೊಸ ಕೆಲಸಕ್ಕೆ ವರ್ಗಾಯಿಸಿಕೊಂಡರೆ ಹಳೆಯ ವರ್ಷಗಳೂ ಈ ಐದರಲ್ಲಿ ಸೇರುತ್ತವೆ. ಕೆಲಸ ಬಿಟ್ಟಾಗ ಕಂಪನಿಯಿಂದ ಆಗಬೇಕಾದ ಮುಖ್ಯ ಕೆಲಸ, ಯುಎಎನ್ ಖಾತೆಯಲ್ಲಿ ಬಿಟ್ಟ ದಿನಾಂಕ ನಮೂದಿಸುವುದು.

ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಈ ದುಡ್ಡು ಎಷ್ಟು ದೊಡ್ಡದೆಂದು ದೇಶಕ್ಕೆ ಗೊತ್ತಾದದ್ದು 2016ರಲ್ಲಿ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಫೆಬ್ರವರಿ 10ರಂದು ಅಧಿಸೂಚನೆ ಹೊರಡಿಸಿತ್ತು. ಏಪ್ರಿಲ್ 18, 19ರಂದು ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಹೆಂಗಸರು ಇಳಿದರು. 19ರಂದೇ ಅಧಿಸೂಚನೆ ವಾಪಸಾಯಿತು. ಕೆಲಸ ಬಿಟ್ಟು ಊರಿಗೆ ಬರುವವರಿಗೆ ಪಿಎಫ್ ಮುಪ್ಪಿನ ಗಂಟಲ್ಲ, ಮಗಳ ಫೀಸು, ಬೋರ್‌ವೆಲ್ಲಿನ ಸಾಲ. ಇದು ದೆಹಲಿಗೆ ಅರ್ಥವಾಗಲು ಎರಡು ದಿನ ಹೊಸೂರು ರಸ್ತೆ ನಿಲ್ಲಬೇಕಾಯಿತು.

ಬೋನಸ್ಸಿನ ಮಾತು ಬೇಗ ಮುಗಿಸಬಹುದು. ವರ್ಷದ ಮಧ್ಯೆ ಬಿಟ್ಟವರಿಗೆ ಬೋನಸ್ಸಿಲ್ಲ ಎಂಬುದು ಸುಳ್ಳು. ಆ ವರ್ಷ ಮೂವತ್ತು ದಿನ ಕೆಲಸ ಮಾಡಿದ್ದರೆ, ಅರ್ಹ ಸಂಬಳದವರಿಗೆ, ದುಡಿದಷ್ಟು ಅವಧಿಗೆ ಕನಿಷ್ಠ ಶೇ 8.33 ಬರಬೇಕು. ದೀಪಾವಳಿಗೆ ಊರಲ್ಲಿದ್ದರೂ ಕೇಳಬಹುದು.

ಪೆಟ್ರೋಲ್ ಬಂಕಿನ ಹುಡುಗರ ಕತೆ ಬೇರೆ. ರಾತ್ರಿ ಪಾಳಿಯಲ್ಲಿ ಕ್ಯಾಷ್ ಕಡಿಮೆ ಬಂತು, ಖೋಟಾ ನೋಟು ಬಂತು, ಯಾರೋ ಡೀಸೆಲ್ ಹಾಕಿಸಿಕೊಂಡು ದುಡ್ಡು ಕೊಡದೆ ಹೋದರು, ಎಲ್ಲವೂ ಕೊನೆಯ ಸಂಬಳದಲ್ಲಿ ಒಟ್ಟಿಗೆ ಇಳಿಯುತ್ತದೆ. ನಷ್ಟವನ್ನು ಮುರಿಯುವ ಅವಕಾಶ ಕಾನೂನಿನಲ್ಲಿ ಇದೆ, ಸುಮ್ಮನೆ ಅಲ್ಲ. ಆ ಹಣ ಅವನ ವಶಕ್ಕೆ ಕೊಟ್ಟದ್ದಾಗಿರಬೇಕು, ನಷ್ಟ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಮುರಿಯುವ ಮುಂಚೆ ಅವನ ಸಮಜಾಯಿಷಿ ಕೇಳಿರಬೇಕು, ಆದ ನಷ್ಟಕ್ಕಿಂತ ಒಂದು ರೂಪಾಯಿ ಹೆಚ್ಚು ಹಿಡಿಯಬಾರದು. ದಂಡ ಹಾಕಿದರೆ ಅದು ಆ ಅವಧಿಯ ಸಂಬಳದ ಶೇ 3 ಮೀರಬಾರದು, ತಪ್ಪು ನಡೆದು 90 ದಿನ ಕಳೆದ ಮೇಲೆ ವಸೂಲಿ ಮಾಡುವಂತಿಲ್ಲ. ಆರು ತಿಂಗಳ ಹಿಂದಿನ ಕ್ಯಾಷ್ ಶಾರ್ಟೇಜನ್ನು ಬಿಡುವ ದಿನ ನೆನಪಿಸಿಕೊಂಡು ದಂಡವೆಂದು ಬರೆಯುವುದು ನಡೆಯುವುದಿಲ್ಲ.

"ಕಂಪನಿಯೇ ಮುಚ್ಚಿತು, ಇನ್ನು ಯಾರನ್ನ ಕೇಳೋದು?" 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಅದಿರು ತೆಗೆಯುವುದನ್ನು ನಿಲ್ಲಿಸಿದಾಗ ಈ ಮಾತು ಗಣಿ ಊರುಗಳಲ್ಲಿ ಮನೆಮನೆಯಲ್ಲೂ ಇತ್ತು. ಮುಚ್ಚಿದರೆ ಪರಿಹಾರ ಕಡಿಮೆಯಾಗಬಹುದು. ಮಾಲೀಕರ ಕೈಮೀರಿದ ಕಾರಣವಿದ್ದರೆ ಮೂರು ತಿಂಗಳ ಸರಾಸರಿ ಸಂಬಳವೇ ಅದಕ್ಕೆ ಮಿತಿ, ಇಲ್ಲವಾದರೆ ಸೇವೆಯ ವರ್ಷಕ್ಕೆ ಹದಿನೈದು ದಿನದಂತೆ. ಗ್ರಾಚ್ಯುಟಿ ಇದರಿಂದ ಬೇರೆ, ಅದು ಉಳಿಯುತ್ತದೆ. ಇನ್ನು ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳ ಕೆಳಗೆ ಕಾವಲಿರುವವರಂತೆ ಕಂಟ್ರ್ಯಾಕ್ಟರ್ ಮೂಲಕ ದುಡಿಯುವವರ ಪಾಡು. ಕಂಟ್ರ್ಯಾಕ್ಟರ್ ಸಂಬಳ ಕೊಡದೆ ನಾಪತ್ತೆಯಾದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿದ್ದ ಈ ನಿಯಮ ಹೊಸ ಸಂಹಿತೆಯಲ್ಲೂ ಇದೆ.

ಎಲ್ಲ ತಪ್ಪು ತಿಳಿವಳಿಕೆಯೂ ಮಾಲೀಕರಿಗೆ ಅನುಕೂಲವಾದದ್ದೇ ಅಲ್ಲ. ಓದಿದ ಹುಡುಗರಲ್ಲಿ "ಬಾಂಡಿಗೆ ಕೋರ್ಟಲ್ಲಿ ಬೆಲೆಯಿಲ್ಲ" ಎಂಬ ಧೈರ್ಯ ಇದೆ. ಮಂಗಳೂರಿನಲ್ಲಿ ಹುಟ್ಟಿ ಈಗ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಗಿರುವ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷದ ಷರತ್ತು ಮುಗಿಯುವ ಮುಂಚೆ 2009ರಲ್ಲಿ ಬಿಟ್ಟು, ಎರಡು ಲಕ್ಷ ರೂಪಾಯಿಯನ್ನು ಆಕ್ಷೇಪದೊಂದಿಗೆ ಕಟ್ಟಿ, ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದಿದ್ದರು. 2025ರ ಮೇ 14ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ ಬಾಂಡನ್ನು ಎತ್ತಿಹಿಡಿಯಿತು. ಹುದ್ದೆ, ಸಂಬಳ, ಹೊಸ ನೇಮಕಾತಿಯ ಖರ್ಚು ನೋಡಿದರೆ ಎರಡು ಲಕ್ಷ ವಿಪರೀತವಲ್ಲ ಎಂಬುದು ಅದರ ತರ್ಕ. ಹನ್ನೆರಡು ಸಾವಿರ ಸಂಬಳದ ಸೇಲ್ಸ್ ಹುಡುಗನಿಂದ ಲಕ್ಷದ ಬಾಂಡು ಬರೆಸಿಕೊಂಡವರು ಇದೇ ತೀರ್ಪನ್ನು ಹಿಡಿದು ಕುಣಿಯಬೇಕಿಲ್ಲ. ಆದ ನಷ್ಟಕ್ಕೆ ತಕ್ಕ ಪರಿಹಾರವಷ್ಟೇ ಸಿಗುವುದು ಎಂಬ 1872ರ ಕರಾರು ಕಾಯ್ದೆಯ ಮಾತು ಹಾಗೇ ಇದೆ.

ಕೊನೆಗೆ ಸಹಿಯ ವಿಷಯ. "ಎಲ್ಲ ಬಾಕಿ ಮುಟ್ಟಿದೆ" ಎಂಬ ಕಾಗದಕ್ಕೆ ಸಹಿ ಹಾಕಿದ ಮೇಲೆ ಕೇಳಲು ಬಾಯಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ಕಾನೂನು ಕೊಟ್ಟ ಬಾಕಿಯನ್ನು ಬಿಟ್ಟುಕೊಡುವ ಕರಾರು ಹಳೆಯ ವೇತನ ಕಾಯ್ದೆಯಲ್ಲೂ ಅಸಿಂಧು, ಹೊಸ ಸಂಹಿತೆಯಲ್ಲೂ ಅಸಿಂಧು. ಆದರೂ ಸಹಿಯ ಪಕ್ಕದಲ್ಲಿ "ಲೆಕ್ಕಕ್ಕೆ ಆಕ್ಷೇಪಣೆ ಇಟ್ಟು ಪಡೆದಿದ್ದೇನೆ" ಎಂದು ಬರೆದು ದಿನಾಂಕ ಹಾಕಿ, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಮುಂದೆ ಜಗಳ ಸಲೀಸು. ಸಂಬಳದ ಬಾಕಿಗೆ ಅರ್ಜಿ ಹಾಕಲು ಹಿಂದೆ ಹನ್ನೆರಡು ತಿಂಗಳಿತ್ತು, ಈಗ ಮೂರು ವರ್ಷ. ಅರ್ಜಿ ಹೋಗುವುದು ಕಾರ್ಮಿಕ ಇಲಾಖೆಗೆ. ಜೊತೆಗೆ ಬೇಕಾದದ್ದು ನೇಮಕಾತಿ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು, ಆ ಆಕ್ಷೇಪಣೆಯ ಫೋಟೊ. ಸಂಬಳದ ಚೀಟಿ ಕೊಡುವುದು ಮಾಲೀಕರ ಕರ್ತವ್ಯ. ಅವರು ಅದನ್ನು ಕೊಡದಿದ್ದರೆ ಅರ್ಜಿಯ ಮೊದಲ ದೂರು ಅದೇ ಆಗಲಿ.